ಶಿವಸಂಚಾರ ಬಂದಾಗ ಊರಿನ ಪಾಲು ಏನು?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಶರಣ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ನನಗೆ ಕೊಟ್ಟಿರುವ ವಿಷಯ 'ಗ್ರಾಮ ಸಮಾಜ ಮತ್ತು ರಂಗಭೂಮಿ'. ನಾನು ನಟನಲ್ಲ, ನಿರ್ದೇಶಕನೂ ಅಲ್ಲ. ಮೂವತ್ತು ವರ್ಷ ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿಗೆ ನಾಟಕದ ತಂಡ ಬಂದಾಗ ಜಮಖಾನ ಹಾಸುವವರಲ್ಲಿ, ಅಡುಗೆಗೆ ಸೌದೆ ನೀರು ನೋಡಿಕೊಳ್ಳುವವರಲ್ಲಿ, ಆಮೇಲೆ ಲೆಕ್ಕ ಬರೆಯುವವರಲ್ಲಿ ಒಬ್ಬ. ಹಾಗಾಗಿ ನಟನೆ ಹೇಗಿತ್ತು, ಬೆಳಕು ಹೇಗಿತ್ತು ಎಂಬ ವಿಮರ್ಶೆ ನನ್ನಿಂದ ಆಗುವ ಕೆಲಸವಲ್ಲ. ನಾಟಕದ ತಂಡವೊಂದು ಊರೂರು ತಿರುಗುವುದರಿಂದ ಊರಿಗೆ ಏನಾಗುತ್ತದೆ, ಅದಕ್ಕೆ ಊರು ಏನು ಕೊಡಬೇಕು, ಈ ಎರಡು ಮಾತನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಹಳೆಯ ಪ್ರಶ್ನೆಯನ್ನು ಬಗೆಹರಿಸಿಕೊಳ್ಳೋಣ. ಮಠಕ್ಕೂ ನಾಟಕಕ್ಕೂ ಏನು ಸಂಬಂಧ ಎಂದು ಕೇಳುವವರು ಇವತ್ತಿಗೂ ಇದ್ದಾರೆ. ನಾಟಕದವರು ಎಂದರೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವ ಸಮಾಜ ನಮ್ಮದು. ಆದರೆ ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಯಾರು ಯಾರು ಕುಳಿತಿದ್ದರು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಬಹುರೂಪಿ ಚೌಡಯ್ಯನವರ ಕಾಯಕವೇ ವೇಷ ಹಾಕುವುದು. ನಗೆಯ ಮಾರಿತಂದೆಯವರ ಕಾಯಕ ಜನರನ್ನು ನಗಿಸುವುದು. ಕಿನ್ನರಿ ಬ್ರಹ್ಮಯ್ಯನವರು ಕಿನ್ನರಿ ನುಡಿಸಿದವರು. ಅರಸನ ಮಂತ್ರಿಗೆ, ಚಮ್ಮಾರನಿಗೆ, ದೋಣಿ ನಡೆಸುವವನಿಗೆ ಇದ್ದ ಗೌರವವೇ ವೇಷಗಾರನಿಗೂ ಇತ್ತು. ವೇಷ ಹಾಕುವುದು ಕೀಳು ಕೆಲಸ ಎಂಬ ಭಾವನೆ ನಮಗೆ ಶರಣರಿಂದ ಬಂದದ್ದಲ್ಲ. ಶರಣರನ್ನು ಮರೆತ ಮೇಲೆ ಬಂದದ್ದು.

ಆ ಮರೆವನ್ನು ಕಳೆಯುವ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ ಎಂಬುದು ನಮ್ಮ ಭಾಗ್ಯ. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು ತಾವೇ ನಾಟಕಗಳನ್ನು ಬರೆದವರು. 'ಮರಣವೇ ಮಹಾನವಮಿ', 'ವಿಶ್ವಬಂಧು ಮರುಳಸಿದ್ಧ' ಅವರ ಕೃತಿಗಳು. ಪ್ರವಚನಕ್ಕೆ ಬಾರದವನು ನಾಟಕಕ್ಕೆ ಬರುತ್ತಾನೆ ಎಂಬುದು ಹಳ್ಳಿಯನ್ನು ಹತ್ತಿರದಿಂದ ಬಲ್ಲವರಿಗೆಲ್ಲ ಗೊತ್ತಿರುವ ಸತ್ಯ. ಅವರ ಹೆಸರಿನಲ್ಲೇ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವನ್ನು ಕಟ್ಟಿದರು. 1997ರಲ್ಲಿ 'ಶಿವಸಂಚಾರ' ಎಂಬ ತಿರುಗಾಟದ ತಂಡ ಹುಟ್ಟಿತು. 'ಬೆಲ್ಚಿ'ಯಂಥ ಬೀದಿ ನಾಟಕವನ್ನು ಆಡಿಸಿ ಹೆಸರಾಗಿದ್ದ ರಂಗಕರ್ಮಿ ಸಿ.ಜಿ. ಕೃಷ್ಣಸ್ವಾಮಿಯವರು ಇದಕ್ಕೆ ಒತ್ತಾಸೆಯಾಗಿ ನಿಂತರು. ಎಡಪಂಥೀಯ ಬೀದಿ ನಾಟಕದ ಮನುಷ್ಯ ಒಬ್ಬರು, ಮಠಾಧೀಶರು ಒಬ್ಬರು; ಇಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಸಣ್ಣ ಸಂಗತಿಯಲ್ಲ. 2008ರಲ್ಲಿ ರಂಗಪ್ರಯೋಗ ಶಾಲೆಯೂ ಅಲ್ಲೇ ಆರಂಭವಾಯಿತು.

ತಂಡ ನಡೆಯುವ ಬಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಪ್ರತಿ ವರ್ಷ ಮೂರು ನಾಟಕಗಳನ್ನು ಆರಿಸಿ, ಬೇರೆ ಬೇರೆ ನಿರ್ದೇಶಕರನ್ನು ಕರೆಸಿ, ಕಲಾವಿದರಿಗೆ ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ನವೆಂಬರ್ ತಿಂಗಳಲ್ಲಿ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುತ್ತದೆ. ಅರ್ಧಚಂದ್ರಾಕಾರದ ಮೆಟ್ಟಿಲುಗಳ ಮೇಲೆ ಸಾವಿರಾರು ಜನ ರೈತರು, ಹೆಂಗಸರು, ಶಾಲೆಯ ಮಕ್ಕಳು ಕುಳಿತು ನೋಡುವ ಆ ದೃಶ್ಯವನ್ನು ನಿಮ್ಮಲ್ಲಿ ಬಹಳ ಜನ ಕಂಡಿದ್ದೀರಿ. ಆಮೇಲೆ ತಂಡ ವಾಹನ ಹತ್ತುತ್ತದೆ. ರಂಗಸಜ್ಜಿಕೆ, ದೀಪ, ಬಟ್ಟೆಬರೆ ಎಲ್ಲ ಅದರಲ್ಲೇ. ಒಂದು ಊರಲ್ಲಿ ಒಂದು ರಾತ್ರಿ, ಇಲ್ಲವೇ ಮೂರು ನಾಟಕಕ್ಕೆ ಮೂರು ರಾತ್ರಿ. ಹೆಗ್ಗೋಡಿನ ನೀನಾಸಂ ಸಂಸ್ಥೆ 1985ರಲ್ಲಿ 'ತಿರುಗಾಟ' ಆರಂಭಿಸಿ ತೋರಿಸಿದ್ದ ದಾರಿ ಇದೇ.

ಈ ತಿರುಗಾಟಕ್ಕೂ ಹಳೆಯ ಕಂಪನಿ ನಾಟಕಕ್ಕೂ ಒಂದು ವ್ಯತ್ಯಾಸವಿದೆ. ಕಂಪನಿಯವರು ದೊಡ್ಡ ಊರಲ್ಲಿ ಥಿಯೇಟರ್ ಹಾಕಿ ತಿಂಗಳಾನುಗಟ್ಟಲೆ ಕ್ಯಾಂಪ್ ಮಾಡುತ್ತಿದ್ದರು. ಜಾತ್ರೆ ಎಲ್ಲಿ, ಟಿಕೆಟ್ ಎಲ್ಲಿ ಮಾರಾಟವಾಗುತ್ತದೆ ಅಲ್ಲಿಗೆ ಹೋಗುತ್ತಿದ್ದರು. ಅದು ಅವರ ಹೊಟ್ಟೆಪಾಡು, ತಪ್ಪಲ್ಲ. ಆದರೆ ಸಾವಿರ ಜನರ ಹಳ್ಳಿಗೆ ಅವರು ಬರುವಂತಿರಲಿಲ್ಲ. ತಿರುಗಾಟದ ತಂಡ ಹಾಗಲ್ಲ. ಕರೆಯುವವರು ಎಲ್ಲಿದ್ದಾರೋ ಅಲ್ಲಿಗೆ ಬರುತ್ತದೆ. ಚಿತ್ರದುರ್ಗದಂಥ ಪಟ್ಟಣದಲ್ಲಿ ತ.ರಾ.ಸು. ರಂಗಮಂದಿರವಿದೆ. ನಮ್ಮ ಹಳ್ಳಿಯಲ್ಲಿ ಶಾಲೆಯ ಅಂಗಳವಿದೆ. ಎರಡೂ ಕಡೆ ಅದೇ ನಾಟಕ, ಅದೇ ಕಲಾವಿದರು, ಅದೇ ಶ್ರದ್ಧೆ. ಪಟ್ಟಣದವನಿಗೆ ಒಂದು, ಹಳ್ಳಿಯವನಿಗೆ ಇನ್ನೊಂದು ಎಂಬ ಭೇದವಿಲ್ಲ. ಆದರೆ ಕರೆಯುವವರು ಇರಬೇಕು. ಊರಿನ ಪಾಲು ಎಂದು ನಾನು ಹೇಳುತ್ತಿರುವುದು ಅಲ್ಲಿಂದಲೇ ಶುರುವಾಗುತ್ತದೆ.

ಈಗ ಊರಿಗೆ ಏನಾಗುತ್ತದೆ ಎಂಬ ಮಾತಿಗೆ ಬರುತ್ತೇನೆ.

ಮೊದಲನೆಯದು, ಕೂರುವ ಮಾತು. ನಮ್ಮ ಹಳ್ಳಿಗಳಲ್ಲಿ ಊರಿನವರೆಲ್ಲ ಒಂದೇ ಜಾಗದಲ್ಲಿ ಎರಡು ಗಂಟೆ ಕೂತಿರುವ ಸಂದರ್ಭ ವರ್ಷದಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ನೋಡಿ. ಮದುವೆಗೆ ಅವರವರ ಜನ. ದೇವರ ಕಾರ್ಯಕ್ಕೆ ಅವರವರ ಸರದಿ. ಗ್ರಾಮಸಭೆಗೆ ಹತ್ತಿಪ್ಪತ್ತು ಜನ ಗಂಡಸರು. ನಾಟಕ ಒಂದಕ್ಕೆ ಮಾತ್ರ ಎಲ್ಲರೂ ಬರುತ್ತಾರೆ. ಆದರೆ ಅದೂ ತಾನಾಗಿಯೇ ಆಗುವುದಿಲ್ಲ. ನಮ್ಮ ಕಡೆಯ ಒಂದು ಊರಲ್ಲಿ ಮೊದಲ ವರ್ಷ ದೇವಸ್ಥಾನದ ಮುಂದೆ ರಂಗ ಕಟ್ಟಿದರು. ಜಾಗ ವಿಶಾಲವಾಗಿತ್ತು, ಕರೆಂಟ್ ಹತ್ತಿರವಿತ್ತು. ಆದರೆ ಕಾಲೋನಿಯ ಜನ ದೇವಸ್ಥಾನದ ಅಂಗಳಕ್ಕೆ ಕಾಲಿಡಲಿಲ್ಲ. ರಸ್ತೆಯ ಆಚೆ ನಿಂತೇ ನೋಡಿದರು. ಯಾರೂ ಅವರನ್ನು ತಡೆದಿರಲಿಲ್ಲ. ಯಾರೂ ಬನ್ನಿ ಕೂರಿ ಎಂದು ಕರೆದೂ ಇರಲಿಲ್ಲ. ಅಂದು ರಂಗದ ಮೇಲೆ ನಡೆಯುತ್ತಿದ್ದುದು ಶರಣರ ಕಥೆ.

ಮಾರನೆಯ ವರ್ಷ ಆ ಊರಿನ ಹುಡುಗರೇ ಕೂತು ಮಾತಾಡಿ ನಾಟಕವನ್ನು ಶಾಲೆಯ ಅಂಗಳಕ್ಕೆ ತಂದರು. ಮುಂದಿನ ಸಾಲಿನ ಕುರ್ಚಿಗಳನ್ನು ತೆಗೆದರು. ನಡೆಯಲಾರದ ವಯಸ್ಸಾದವರಿಗೆ ಮಾತ್ರ ಪಕ್ಕದಲ್ಲಿ ಬೆಂಚು, ಉಳಿದವರೆಲ್ಲ ನೆಲದ ಮೇಲೆ. ಕರಪತ್ರ ಹಂಚುವಾಗ ಕಾಲೋನಿಯಿಂದಲೇ ಶುರು ಮಾಡಿದರು. ಆ ರಾತ್ರಿ ಊರು ಒಟ್ಟಿಗೆ ಕೂತಿತು. ಒಂದು ರಾತ್ರಿ ಒಟ್ಟಿಗೆ ಕೂತರೆ ಅಸ್ಪೃಶ್ಯತೆ ಹೋಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಬೆಳಗಾದರೆ ಎಲ್ಲರೂ ತಮ್ಮ ತಮ್ಮ ಕೇರಿಗೇ ಹೋಗುತ್ತಾರೆ. ಆದರೆ ಹೀಗೂ ಕೂರಬಹುದು, ಕೂತರೆ ಏನೂ ಆಗುವುದಿಲ್ಲ ಎಂಬುದನ್ನು ಮಕ್ಕಳು ಕಣ್ಣಾರೆ ಕಂಡವು. ಅದು ಪಾಠ ಹೇಳಿ ಕಲಿಸಲಾಗದ್ದು. ಮೂವತ್ತು ವರ್ಷ ಪಾಠ ಹೇಳಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ಊಟದ ವಿಷಯದಲ್ಲೂ ಹೀಗೇ. ತಂಡದಲ್ಲಿ ಎಲ್ಲ ಜಾತಿ, ಎಲ್ಲ ಜಿಲ್ಲೆಯ ಮಕ್ಕಳಿರುತ್ತಾರೆ. ಮನೆಗೆ ಇಬ್ಬಿಬ್ಬರಂತೆ ಊಟಕ್ಕೆ ಕರೆದುಕೊಂಡು ಹೋಗುವ ಪದ್ಧತಿ ಕೆಲವು ಊರುಗಳಲ್ಲಿದೆ. ಪ್ರೀತಿಯ ಪದ್ಧತಿ. ಆದರೆ ಬಡಿಸುವ ಮುಂಚೆ 'ನೀವು ಯಾವ ಕಡೆಯವರು, ನಿಮ್ಮ ಜನ ಯಾರು' ಎಂಬ ಪ್ರಶ್ನೆ ಬಂದರೆ ಆ ಮಗುವಿನ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ? ಅದಕ್ಕೇ ನಮ್ಮೂರಲ್ಲಿ ಶಾಲೆಯ ಜಗಲಿಯ ಮೇಲೆ ಒಂದೇ ಪಂಕ್ತಿ ಎಂದು ತೀರ್ಮಾನ ಮಾಡಿದ್ದೇವೆ. ರೊಟ್ಟಿ, ಮುದ್ದೆ, ಸಾರು, ಅನ್ನ, ಮಜ್ಜಿಗೆ. ಮನೆಮನೆಯಿಂದ ಬಂದ ದವಸ, ಎಲ್ಲ ಕೇರಿಯ ಹೆಣ್ಣುಮಕ್ಕಳ ಕೈಯ ಅಡುಗೆ. ತಂಡದವರ ಜೊತೆ ಊರಿನ ಹಿರಿಯರೂ ಅದೇ ಸಾಲಿನಲ್ಲಿ ಕೂರುತ್ತಾರೆ. ಯಾರ ಕೈಯ ಅಡುಗೆ ಎಂದು ಕೇಳಿ ಎದ್ದು ಹೋದವರು ಒಬ್ಬಿಬ್ಬರು ಇದ್ದರು. ಎರಡನೆಯ ವರ್ಷ ಅವರೂ ಬಂದು ಕೂತರು. ಬಾರದೆ ಇದ್ದಿದ್ದರೂ ಪಂಕ್ತಿಯನ್ನು ನಾವು ಬದಲಿಸುತ್ತಿರಲಿಲ್ಲ.

ಎರಡನೆಯದು, ಹೆಣ್ಣುಮಕ್ಕಳ ಮಾತು. ನಮ್ಮ ಹಳ್ಳಿಗಳಲ್ಲಿ ಹಬ್ಬಕ್ಕೆ, ಜಾತ್ರೆಗೆ ಊರಿನ ಗಂಡಸರೇ ನಾಟಕ ಕಲಿತು ಆಡುವ ಪರಂಪರೆ ಹಳೆಯದು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಿದ್ದರು, ಸೀನರಿ ಬಾಡಿಗೆಗೆ ಬರುತ್ತಿತ್ತು. ಆ ನಾಟಕ ಶುರುವಾಗುತ್ತಿದ್ದುದು ರಾತ್ರಿ ಹತ್ತಕ್ಕೆ, ಮುಗಿಯುತ್ತಿದ್ದುದು ಬೆಳಗಿನ ಜಾವಕ್ಕೆ. ಹೆಣ್ಣುಮಕ್ಕಳಿಗೆ ಅದು ದೂರವೇ. ಶಿವಸಂಚಾರದ ನಾಟಕ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಏಳು ಗಂಟೆಗೆ ಶುರು ಮಾಡಿದರೆ ಒಂಬತ್ತೂವರೆಗೆ ಮನೆ ಸೇರಬಹುದು. ಹಾಲು ಕರೆದು, ಅಡುಗೆ ಮುಗಿಸಿ ಬರಲು ಸಮಯ ಸಿಗುತ್ತದೆ. ಇದು ನೋಡಲಿಕ್ಕೆ ಸಣ್ಣ ಏರ್ಪಾಡು. ಆದರೆ ಈ ಏರ್ಪಾಡಿನಿಂದಲೇ ಅಂಗಳದ ಅರ್ಧ ಭಾಗ ಹೆಂಗಸರಿಂದ ತುಂಬುತ್ತದೆ. ರಂಗದ ಮೇಲೂ ಹೆಣ್ಣುಮಕ್ಕಳೇ ಹೆಣ್ಣಿನ ಪಾತ್ರ ಮಾಡುತ್ತಾರೆ. ಅಕ್ಕಮಹಾದೇವಿಯೋ ಸತ್ಯಕ್ಕನೋ ರಂಗದ ಮೇಲೆ ತಲೆ ಎತ್ತಿ ಮಾತಾಡಿದಾಗ ಹಿಂದೆ ಕೂತ ಹೈಸ್ಕೂಲಿನ ಹುಡುಗಿಯರ ಮುಖವನ್ನು ನಾನು ನೋಡಿದ್ದೇನೆ. ಮಾರನೆಯ ದಿನ ತರಗತಿಯಲ್ಲಿ ಅವರು ಕೇಳುವ ಪ್ರಶ್ನೆಯೇ ಬೇರೆ ಥರ ಇರುತ್ತದೆ.

ಮೂರನೆಯದು, ಶರಣರ ಮಾತು. ನಾವು ವಚನಗಳನ್ನು ಬಾಯಿಪಾಠ ಮಾಡಿಸುತ್ತೇವೆ, ಸ್ಪರ್ಧೆ ಇಟ್ಟು ಬಹುಮಾನ ಕೊಡುತ್ತೇವೆ. ಒಳ್ಳೆಯದೇ. ಆದರೆ ಬಾಯಿಪಾಠದಲ್ಲಿ ಹರಳಯ್ಯನವರು ಒಂದು ಹೆಸರು ಮಾತ್ರ. ರಂಗದ ಮೇಲೆ ಅವರು ಒಬ್ಬ ತಂದೆ. ಮಧುವರಸರೂ ಒಬ್ಬ ತಂದೆ. ಸಮಗಾರನ ಮಗ, ಬ್ರಾಹ್ಮಣನ ಮಗಳು ಮದುವೆಯಾದದ್ದಕ್ಕೆ ಆ ಇಬ್ಬರು ತಂದೆಯರಿಗೆ ಎಳೆಹೂಟೆಯ ಶಿಕ್ಷೆ. ಕಲ್ಯಾಣದ ಆ ಕಥೆಯನ್ನು ಕನ್ನಡದ ನಾಟಕಕಾರರು ಮತ್ತೆ ಮತ್ತೆ ಮುಟ್ಟಿದ್ದಾರೆ. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ' ನಿಮಗೆ ಗೊತ್ತಿವೆ. 'ಮಹಾಚೈತ್ರ' ಪಠ್ಯವಾದಾಗ 1990ರ ದಶಕದಲ್ಲಿ ನಮ್ಮ ಸಮಾಜದ ಒಳಗಿನಿಂದಲೇ ವಿರೋಧ ಬಂತು. ನಾಟಕವನ್ನು ಒಪ್ಪದಿರಬಹುದು, ವಾದ ಮಾಡಬಹುದು. ಆದರೆ ಪ್ರಶ್ನೆ ಕೇಳುವುದನ್ನೇ ಧರ್ಮವಾಗಿಸಿಕೊಂಡ ಶರಣರ ವಾರಸುದಾರರು ಪ್ರಶ್ನೆಗೆ ಹೆದರಬಾರದು. ಮಠವೊಂದು ತಾನೇ ತಂಡ ಕಟ್ಟಿ, ಶರಣರ ನಾಟಕಗಳ ಜೊತೆಗೆ ಬೇರೆ ಭಾಷೆಯ, ಬೇರೆ ದೇಶದ ನಾಟಕಗಳನ್ನೂ ಹಳ್ಳಿಗೆ ಕಳಿಸುತ್ತಿದೆ ಎಂದರೆ ಆ ಹೆದರಿಕೆಯನ್ನು ಬಿಟ್ಟಿದೆ ಎಂದೇ ಅರ್ಥ.

2019ರ ಆಗಸ್ಟ್ ತಿಂಗಳಲ್ಲಿ 'ಮತ್ತೆ ಕಲ್ಯಾಣ' ಎಂಬ ಅಭಿಯಾನ ಸಾಣೇಹಳ್ಳಿಯ ಪೂಜ್ಯರ ಮುಂದಾಳುತನದಲ್ಲಿ ರಾಜ್ಯದ ಜಿಲ್ಲೆಗಳನ್ನೆಲ್ಲ ಸುತ್ತಿತು. ವಿದ್ಯಾರ್ಥಿಗಳ ಜೊತೆ ಸಂವಾದ, ಸಾಮರಸ್ಯದ ನಡಿಗೆ, ಸಾರ್ವಜನಿಕ ಸಭೆ, ಕೊನೆಗೆ 'ಮೋಳಿಗೆ ಮಾರಯ್ಯ' ನಾಟಕ. ಅದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ನಾಟಕದ ಜೊತೆಗೆ ಸಂವಾದವನ್ನೂ ಇಟ್ಟದ್ದು. ಹುಡುಗರು ಕೇಳಿದ್ದಕ್ಕೆ ಹಿರಿಯರು ಉತ್ತರ ಕೊಡಬೇಕಾಯಿತು. ಆ ಮಾದರಿಯನ್ನು ನಮ್ಮೂರಲ್ಲಿ ಸಣ್ಣದಾಗಿ ಮಾಡಿ ನೋಡಿದ್ದೇವೆ. ನಾಟಕದ ಮಾರನೆಯ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಒಂದು ಗಂಟೆ ಮಾತುಕತೆ. ಒಂದು ಸಲ ಕಲ್ಯಾಣದ ಮದುವೆಯ ಪ್ರಸಂಗವಿದ್ದ ನಾಟಕ ಆಗಿತ್ತು. ನಾವೆಲ್ಲ ಅಭಿನಯ ಚೆನ್ನಾಗಿತ್ತು, ಹಾಡು ಚೆನ್ನಾಗಿತ್ತು ಎನ್ನುತ್ತಾ ಇದ್ದೆವು. ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು, 'ಮೇಷ್ಟ್ರೇ, ಅದೆಲ್ಲ ಇರ್ಲಿ. ಈಗ ನಮ್ಮೂರಾಗೆ ಅಂಥ ಮದ್ವೆ ಆದ್ರೆ ನಾವು ಯಾರ ಕಡೆ ನಿಂತ್ಕಂತೀವಿ?' ಎಂದರು. ಜಗಲಿಯಲ್ಲಿ ಸದ್ದಿಲ್ಲ. ಅಷ್ಟು ಹೊತ್ತು ಮಾತಾಡುತ್ತಿದ್ದ ನಾವೆಲ್ಲ ನೆಲ ನೋಡಿದೆವು. ಆ ಪ್ರಶ್ನೆಗೆ ಅವತ್ತು ಉತ್ತರ ಬರಲಿಲ್ಲ. ಆದರೆ ಊರಿನ ಜಗಲಿಯ ಮೇಲೆ, ಎಲ್ಲ ಜಾತಿಯವರೂ ಕೂತಿದ್ದಾಗ, ಒಬ್ಬ ಹೆಣ್ಣುಮಗಳು ಅದನ್ನು ಬಾಯಿಬಿಟ್ಟು ಕೇಳಿದರಲ್ಲ, ನೂರು ಪ್ರವಚನ ಕೇಳಿಯೂ ನಾವು ಅದನ್ನು ಕೇಳಿರಲಿಲ್ಲ.

ನಾಲ್ಕನೆಯದು, ಊರಿನ ಹುಡುಗರ ಮಾತು. ನಾಟಕ ಮಾಡಿಸುವುದೆಂದರೆ ಸುಮ್ಮನೆ ಅಲ್ಲ. ದಿನ ನಿಗದಿ ಮಾಡಬೇಕು. ಶಾಲೆಯವರ ಒಪ್ಪಿಗೆ ಬೇಕು. ಕರೆಂಟಿಗೆ ಕಂಬದಿಂದ ಸರಿಯಾದ ಲೈನ್, ಕೈಕೊಟ್ಟರೆ ಜನರೇಟರ್. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಿರುವ ಕೋಣೆ, ಶೌಚಾಲಯ, ಬಿಸಿನೀರು. ರಂಗ ಕಟ್ಟಲು ಕೈ ಜೋಡಿಸುವವರು, ರಾತ್ರಿ ಬಿಚ್ಚಿ ವಾಹನಕ್ಕೆ ತುಂಬುವವರು. ಚಂದಾ, ರಸೀದಿ, ಖರ್ಚಿನ ಚೀಟಿ. ಇವೆಲ್ಲವನ್ನೂ ಇಪ್ಪತ್ತು ಇಪ್ಪತ್ತೈದರ ಹುಡುಗರು ಮಾಡುತ್ತಾರೆ. ಅದೇ ಹುಡುಗರು ಹಬ್ಬದಲ್ಲಿ ಡಿಜೆ ತರಿಸಿ ಕುಣಿಯುವವರೂ ಹೌದು. ಅವರನ್ನು ಬೈದು ಪ್ರಯೋಜನವಿಲ್ಲ. ಜವಾಬ್ದಾರಿ ಕೊಟ್ಟರೆ ಹೊರುತ್ತಾರೆ. ನಾಟಕ ಮುಗಿದ ವಾರದೊಳಗೆ ಜಮಾ ಖರ್ಚನ್ನು ಪಂಚಾಯಿತಿ ಕಟ್ಟೆಯಲ್ಲಿ ಓದಬೇಕು, ಉಳಿದ ಹಣ ಎಷ್ಟೇ ಇರಲಿ ಹೇಳಬೇಕು ಎಂಬ ನಿಯಮ ನಮ್ಮದು. ಹೀಗೆ ಲೆಕ್ಕ ಓದಿ ಅಭ್ಯಾಸವಾದ ಹುಡುಗರು ಮುಂದೆ ಹಾಲಿನ ಡೇರಿಯ ಲೆಕ್ಕವನ್ನೂ ಕೇಳಲು ಶುರು ಮಾಡಿದರು. ಕೆಲವರಿಗೆ ಇದು ಇರಿಸುಮುರಿಸಾಯಿತು. ಆಗಲಿ.

ಬಂಧುಗಳೇ, ಇಷ್ಟೆಲ್ಲ ಊರಿಗೆ ಸಿಗುತ್ತದೆ. ಇನ್ನು ಊರು ಏನು ಕೊಡುತ್ತದೆ ಎಂಬ ಪ್ರಶ್ನೆ. ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು ಇದು.

ನಮ್ಮಲ್ಲಿ ಒಂದು ಭಾವನೆ ಬೇರೂರಿದೆ. ಮಠದ ತಂಡವಲ್ಲವೇ, ಮಠವೇ ನೋಡಿಕೊಳ್ಳುತ್ತದೆ. ಸ್ವಾಮಿಗಳ ಆಶೀರ್ವಾದದಿಂದ ಬಂದ ನಾಟಕಕ್ಕೆ ದುಡ್ಡು ಕೊಡುವುದೇನು? ಒಂದು ಹಾರ, ಒಂದು ಶಾಲು, ಒಂದು ಒಳ್ಳೆಯ ಊಟ ಸಾಕು. ಶಾಮಿಯಾನದವನಿಗೆ, ಮೈಕ್‌ನವನಿಗೆ, ಜನರೇಟರ್‌ನವನಿಗೆ ಮಾತಾಡಿದಷ್ಟು ದುಡ್ಡು ಎಣಿಸಿ ಕೊಡುತ್ತೇವೆ. ಕೊಡದಿದ್ದರೆ ಅವರು ಬಿಡುವುದಿಲ್ಲ. ಹಬ್ಬದ ಆರ್ಕೆಸ್ಟ್ರಾಕ್ಕೆ ಮುಂಗಡ ಕೊಟ್ಟು ಬರುತ್ತೇವೆ. ನಾಟಕದ ತಂಡದ ಹಣ ಮಾತ್ರ 'ಆಮೇಲೆ ಕಳಿಸುತ್ತೇವೆ'. ಆ 'ಆಮೇಲೆ' ಕೆಲವು ಊರುಗಳಲ್ಲಿ ಬರುವುದೇ ಇಲ್ಲ.

ಇದು ದಾಸೋಹದ ಮಾತನ್ನು ತಲೆಕೆಳಗು ಮಾಡಿದಂತೆ. ಶರಣರಲ್ಲಿ ಕಾಯಕ ಮೊದಲು, ದಾಸೋಹ ಆಮೇಲೆ. ದುಡಿದವನಿಗೆ ದುಡಿಮೆಯ ಫಲ ಸಿಗಬೇಕು, ಅವನು ಅದರಿಂದ ದಾಸೋಹ ಮಾಡಬೇಕು. ದುಡಿದವನ ಫಲವನ್ನೇ ಕಿತ್ತುಕೊಂಡು ಅದನ್ನು ಭಕ್ತಿ ಎಂದು ಕರೆದರೆ ಅದು ದಾಸೋಹವಲ್ಲ, ಬಿಟ್ಟಿ ದುಡಿಸಿಕೊಂಡದ್ದು. ಆಯ್ದಕ್ಕಿ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯನವರು ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದ ತಾಯಿ ಅವರು. ಆ ಕಥೆಯನ್ನು ಆಸೆ ಬಿಡಬೇಕು ಎಂಬ ಅರ್ಥದಲ್ಲಿ ಮಾತ್ರ ಹೇಳುತ್ತೇವೆ. ಸಲ್ಲಬೇಕಾದದ್ದು ಎಷ್ಟು ಎಂಬ ಲೆಕ್ಕವೂ ಅದರಲ್ಲಿದೆ. ನಮಗೆ ಸಲ್ಲದ್ದನ್ನು ಇಟ್ಟುಕೊಳ್ಳಬಾರದು ಎಂದಾದರೆ, ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ನಮ್ಮಲ್ಲೇ ಉಳಿಸಿಕೊಳ್ಳುವುದೂ ಕೂಡದು. ಕಲಾವಿದರ ಸಂಭಾವನೆ ನಮ್ಮ ಪೆಟ್ಟಿಗೆಯಲ್ಲಿ ಉಳಿದರೆ ಅದು ನಾವು ಹೆಚ್ಚಾಗಿ ಆಯ್ದುಕೊಂಡ ಅಕ್ಕಿ.

ತಂಡದ ಮಕ್ಕಳು ಯಾರು ಎಂದು ಒಮ್ಮೆ ಕೇಳಿ ನೋಡಿ. ಬಹುತೇಕ ಹಳ್ಳಿಯವರು. ಮಳೆ ನಂಬಿದ ಹೊಲ, ಬತ್ತಿದ ಕೊಳವೆಬಾವಿ, ಮನೆಯಲ್ಲಿ ಒಡಹುಟ್ಟಿದವರು. ನಾಟಕ ಕಲಿಯುತ್ತೇನೆ ಎಂದು ಹೊರಟಾಗ ಮನೆಯಲ್ಲಿ ಬೈಸಿಕೊಂಡು ಬಂದವರು. ಹೆಣ್ಣುಮಕ್ಕಳಾದರೆ ಕೇಳುವುದೇ ಬೇಡ. ಅವರಿಗೆ ತಂಡದಲ್ಲಿ ಊಟ, ವಸತಿ, ತಿಂಗಳ ಸಂಭಾವನೆ ಸಿಗುತ್ತದೆ. ಅಲ್ಲಿ ಪಳಗಿದವರಲ್ಲಿ ಕೆಲವರು ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಾರೆ, ಕೆಲವರು ತಮ್ಮ ಊರಿಗೆ ಹಿಂದಿರುಗಿ ತಂಡ ಕಟ್ಟುತ್ತಾರೆ, ಕೆಲವರು ಧಾರಾವಾಹಿ ಸಿನಿಮಾಗಳಿಗೆ ಹೋಗುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ರಾಜ್ಯದ ತುಂಬ ನಾಟಕಗಳು ಒಮ್ಮೆಲೇ ನಿಂತವು. ಅಂಗಡಿ ಮುಚ್ಚಿದವನು ಮುಂದೆ ಬಾಗಿಲು ತೆಗೆದು ಉಳಿದ ಸರಕನ್ನಾದರೂ ಮಾರಬಹುದು. ಆಡದ ನಾಟಕವನ್ನು ಮಾರುವುದು ಹೇಗೆ? ಪ್ರೇಕ್ಷಕರು ಎದುರಿಗೆ ಕೂರದಿದ್ದರೆ ನಟನಿಗೆ ಕಾಯಕವೇ ಇಲ್ಲ. ಊರು ಕರೆಯುವುದು ಎಷ್ಟು ಮುಖ್ಯ ಎಂಬುದನ್ನು ಆ ದಿನಗಳು ನಮಗೆ ತೋರಿಸಿದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ನ್ಯಾಯವಾದ ಆಕ್ಷೇಪ. 'ನಮ್ಮದು ಬರಗಾಲದ ಜಿಲ್ಲೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹಿರಿಯೂರಿನ ತೆಂಗಿನ ತೋಟಗಳು ಒಣಗಿದ್ದನ್ನು ಕಣ್ಣಾರೆ ಕಂಡಿದ್ದೇವೆ. ಈರುಳ್ಳಿ ಬೆಲೆ ಬಿದ್ದರೆ ಮಂಡಿಯಲ್ಲೇ ಸುರಿದು ಬರುವ ರೈತನಿಗೆ ನಾಟಕಕ್ಕೆ ಚಂದಾ ಕೇಳುವುದೇ?' ಹಿರಿಯೂರಿನ ಹಿರಿಯರೊಬ್ಬರು ನನ್ನನ್ನು ಹೀಗೆ ನೇರವಾಗಿ ಕೇಳಿದ್ದಾರೆ. ನನ್ನ ಉತ್ತರ ಇಷ್ಟೇ. ಚಂದಾ ಬಡವನ ಹೆಗಲ ಮೇಲೆ ಬೀಳಬಾರದು. ಅಡಿಕೆ ತೋಟವಿರುವವನು, ಮಂಡಿ ಅಂಗಡಿಯವನು, ಸಂಬಳದವನು ಹೆಚ್ಚು ಕೊಡಲಿ. ಕೂಲಿಯವನು ಒಂದು ಸೇರು ರಾಗಿ ಕೊಟ್ಟರೂ ಸಾಕು, ರಂಗ ಕಟ್ಟಲು ಒಂದು ಗಂಟೆ ಕೈ ಕೊಟ್ಟರೂ ಸಾಕು. ಏನೂ ಕೊಡಲಾಗದವನು ಬಂದು ಕೂರಲಿ, ಅವನಿಗೂ ಅದೇ ಜಮಖಾನ. ಆದರೆ ಬರಗಾಲ ಎಂದು ಹೇಳುವ ನಾವೇ ಮದುವೆಯ ಫ್ಲೆಕ್ಸಿಗೆ, ಪಟಾಕಿಗೆ, ಡಿಜೆಗೆ ಸುರಿಯುವುದನ್ನು ಮಾತ್ರ ನಿಲ್ಲಿಸಿಲ್ಲ. ಅಲ್ಲಿ ಬಾರದ ಬರ ನಾಟಕದ ಹತ್ತಿರ ಮಾತ್ರ ಏಕೆ ಬರಬೇಕು?

ಇನ್ನೊಂದು ಆಕ್ಷೇಪ: ಮೊಬೈಲಿನಲ್ಲೇ ಎಲ್ಲ ಸಿಗುವಾಗ ನಾಟಕ ಯಾರಿಗೆ ಬೇಕು? ಮೊಬೈಲಿನಲ್ಲಿ ನೋಡುವವನು ಒಬ್ಬನೇ ನೋಡುತ್ತಾನೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಮ್ಮ ಊರುಗಳ ಕಷ್ಟ ಇರುವುದು ಪಕ್ಕದಲ್ಲಿ ಯಾರು ಕೂರಬೇಕು ಎಂಬುದರಲ್ಲೇ. ಆದ್ದರಿಂದ ಮೊಬೈಲಿನಿಂದ ಆ ಕಷ್ಟ ತೀರುವುದಿಲ್ಲ.

ಈ ಸಭೆಯ ಮುಂದೆ ಐದು ಸಲಹೆಗಳನ್ನು ಇಡುತ್ತೇನೆ. ಒಪ್ಪಿದರೆ ಈ ಸುಗ್ಗಿಯಿಂದಲೇ ಆರಂಭಿಸಬಹುದು.

ಒಂದು. ನಾಲ್ಕೂ ತಾಲ್ಲೂಕಿನವರು ಸೇರಿ ಒಂದೇ ಪಟ್ಟಿ ಮಾಡೋಣ. ಈಗ ಒಬ್ಬೊಬ್ಬರು ಒಂದೊಂದು ದಿನ ಕೇಳುವುದರಿಂದ ತಂಡದ ವಾಹನ ಒಂದೇ ದಾರಿಯಲ್ಲಿ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ಸಾಣೇಹಳ್ಳಿಯಿಂದ ಹೊರಟು ಹೊಸದುರ್ಗದ ಹಳ್ಳಿಗಳು, ಅಲ್ಲಿಂದ ಹೊಳಲ್ಕೆರೆ, ಚಿತ್ರದುರ್ಗ, ಹೆದ್ದಾರಿ ಹಿಡಿದು ಹಿರಿಯೂರು, ಅಲ್ಲಿಂದ ಮತ್ತೆ ಹೊಸದುರ್ಗ. ಹೀಗೆ ಒಂದು ಸುತ್ತು ಹಾಕಿದರೆ ಡೀಸೆಲ್ ಉಳಿಯುತ್ತದೆ, ಕಲಾವಿದರ ನಿದ್ದೆ ಉಳಿಯುತ್ತದೆ. ಉಳಿದ ಹಣದಲ್ಲಿ ಒಂದು ಬಡ ಊರಿಗೆ ಒಂದು ನಾಟಕ ಹೆಚ್ಚಾಗಿ ಸಿಗುತ್ತದೆ.

ಎರಡು. ವಾಹನ ಊರು ಬಿಡುವ ಮೊದಲು ಮಾತಾಡಿದ ಹಣ ತಂಡದ ಕೈಗೆ ಸೇರಬೇಕು. ಆಗದ ಊರು ಮೊದಲೇ ಹೇಳಲಿ. ನಾವು ಉಳಿದವರು ಸೇರಿ ತುಂಬಿಕೊಡೋಣ. ಆದರೆ ಮಾತು ಕೊಟ್ಟು ತಪ್ಪುವುದು ಬೇಡ.

ಮೂರು. ರಂಗವನ್ನು ಎಲ್ಲರೂ ಸಂಕೋಚವಿಲ್ಲದೆ ಕಾಲಿಡುವ ಜಾಗದಲ್ಲೇ ಕಟ್ಟಬೇಕು. ಮುಂದಿನ ಸಾಲು ಗಣ್ಯರಿಗೆ ಮೀಸಲು ಎಂಬ ಪದ್ಧತಿ ಬೇಡ. ಗಣ್ಯರ ಭಾಷಣ, ಸನ್ಮಾನ ಹತ್ತು ನಿಮಿಷ ಮೀರಬಾರದು. ಭಾಷಣ ಮಾಡುತ್ತಿರುವ ನಾನೇ ಈ ಮಾತು ಹೇಳುತ್ತಿದ್ದೇನೆ, ನಗಬೇಡಿ. ನಾಟಕ ನೋಡಲು ಬಂದ ಮಕ್ಕಳು ನಮ್ಮ ಸನ್ಮಾನದ ಹೊತ್ತಿಗೇ ನಿದ್ದೆ ಹೋಗಿರುತ್ತವೆ.

ನಾಲ್ಕು. ಒಂದೇ ಪಂಕ್ತಿಯ ಊಟ. ಇದರಲ್ಲಿ ರಿಯಾಯಿತಿ ಇಲ್ಲ. ಒಟ್ಟಿಗೆ ಕೂತು ಉಣ್ಣಲು ಒಪ್ಪದ ಊರು ಶರಣರ ನಾಟಕ ಕರೆಸಿ ಏನು ಮಾಡಬೇಕಿದೆ?

ಐದು. ಮಾರನೆಯ ಬೆಳಿಗ್ಗೆ ಒಂದು ಗಂಟೆ ಮಾತುಕತೆ. ಊರಿನವರು ಮಾತಾಡಲಿ, ಮಕ್ಕಳು ಕೇಳಲಿ, ಹಿರಿಯರು ಸಿಟ್ಟಾಗದೆ ಕೇಳಿಸಿಕೊಳ್ಳಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ. ಅಲ್ಲೇ ಲೆಕ್ಕ ಓದುವ ದಿನವನ್ನೂ ಗೊತ್ತು ಮಾಡೋಣ.

ಶಿವಸಂಚಾರ ಶುರುವಾಗಿ ಕಾಲು ಶತಮಾನ ದಾಟಿತು. ಅಂದು ರಂಗದ ಮುಂದೆ ಕೂತು ನೋಡಿದ ಮಕ್ಕಳು ಇಂದು ಪಂಚಾಯಿತಿ ಸದಸ್ಯರಾಗಿದ್ದಾರೆ, ಶಿಕ್ಷಕರಾಗಿದ್ದಾರೆ, ಅವರ ಮಕ್ಕಳು ಈಗ ಅದೇ ಅಂಗಳಕ್ಕೆ ಬರುತ್ತಿದ್ದಾರೆ. ಮಠ ತನ್ನ ಪಾಲನ್ನು ಮಾಡಿದೆ, ಮಾಡುತ್ತಿದೆ. ಕಲಾವಿದರು ರಾತ್ರಿ ಬಣ್ಣ ಕಳಚಿ, ಬೆಳಿಗ್ಗೆ ಇನ್ನೊಂದು ಊರಿನ ದಾರಿ ಹಿಡಿದು ತಮ್ಮ ಪಾಲನ್ನು ಮಾಡುತ್ತಿದ್ದಾರೆ. ಉಳಿದಿರುವುದು ಊರಿನ ಪಾಲು. ಆ ಅಜ್ಜಿ ಕೇಳಿದ ಪ್ರಶ್ನೆಗೆ ಒಂದಲ್ಲ ಒಂದು ದಿನ ನಮ್ಮ ಊರುಗಳು ಉತ್ತರ ಕೊಡಲೇಬೇಕು. ಆ ಉತ್ತರ ಹೇಳುವ ಧೈರ್ಯ ನಮಗೆ ಬರುವವರೆಗೆ ತಂಡವನ್ನು ಕರೆಯುತ್ತಲೇ ಇರೋಣ, ಕರೆದವರ ಕರ್ತವ್ಯವನ್ನು ಮಾಡುತ್ತಲೇ ಇರೋಣ.

ಸಭೆ ಮುಗಿದ ಮೇಲೆ ಹೊರಗೆ ಮೇಜಿನ ಹತ್ತಿರ ಒಂದು ಪುಸ್ತಕ ಇಟ್ಟಿರುತ್ತೇವೆ. ಈ ವರ್ಷ ನಾಟಕ ಕರೆಸಲು ಇಚ್ಛಿಸುವ ಊರಿನವರು ಊರಿನ ಹೆಸರು, ಜಾಗ, ಅನುಕೂಲವಾದ ದಿನ ಬರೆದು ಹೋಗಿ. ಕಾಫಿ ಕುಡಿದ ಮೇಲೆ ಬರೆದರೂ ಆಗುತ್ತದೆ, ಬರೆಯದೆ ಮಾತ್ರ ಹೋಗಬೇಡಿ.